ಪಿಯಾನೊ ಬಗ್ಗದು, ಗಿಟಾರೇ ಬಗ್ಗಬೇಕು

ಮನೆಯಲ್ಲಿ ಸೊಗಸಾಗಿ ಗಿಟಾರ್ ನುಡಿಸುವ ಹುಡುಗ ಕ್ರಿಸ್‌ಮಸ್ ಆರಾಧನೆಗೆಂದು ಚರ್ಚಿನ ಪಿಯಾನೊ ಪಕ್ಕ ಕುಳಿತೊಡನೆ ತಬ್ಬಿಬ್ಬಾಗುತ್ತಾನೆ. ನಮ್ಮ ಕಾಮಸಮುದ್ರ, ಬಂಗಾರಪೇಟೆ, ಕೆ.ಜಿ.ಎಫ್. ಕಡೆಯ ವಿದ್ಯಾರ್ಥಿಗಳೂ ಇದಕ್ಕೆ ಹೊರತಲ್ಲ. ತಪ್ಪು ಹುಡುಗನದಲ್ಲ. ಸ್ತೋತ್ರಗೀತೆಗಳ ಪುಸ್ತಕದಲ್ಲಿ ಎಷ್ಟೋ ಹಾಡುಗಳ ಶ್ರುತಿ ಇ-ಫ್ಲ್ಯಾಟ್, ಎ-ಫ್ಲ್ಯಾಟ್. ಗಿಟಾರಿನ ತಂತಿಗಳೋ ಇ, ಎ, ಡಿ, ಜಿ, ಬಿ, ಇ. ಬೆರಳಿಗೆ ಸುಲಭದ ಪಟ್ಟುಗಳು ಅಲ್ಲಿ ಸಿಗುವುದಿಲ್ಲ.

‘ಹಾಗಾದರೆ ಜಿ ಶ್ರುತಿಯಲ್ಲೇ ಹಾಡಿಬಿಡೋಣ’ ಎನ್ನುವವರಿದ್ದಾರೆ. ಗಾಂಧೀಜಿಗೆ ಪ್ರಿಯವಾಗಿದ್ದ ‘ಅಬೈಡ್ ವಿತ್ ಮಿ’ ಗೀತೆಗೆ ವಿಲಿಯಂ ಹೆನ್ರಿ ಮಾಂಕ್ 1861ರಲ್ಲಿ ಕೊಟ್ಟ ರಾಗ ಸಾಮಾನ್ಯವಾಗಿ ಇ-ಫ್ಲ್ಯಾಟ್‌ನಲ್ಲಿ ಅಚ್ಚಾಗುತ್ತದೆ. ಅದನ್ನು ಜಿ ಶ್ರುತಿಗೆ ಏರಿಸಿದರೆ ನಾಲ್ಕು ಅರ್ಧಸ್ವರ ಮೇಲೇರಿತು. ಹುಡುಗನ ಬೆರಳಿಗೆ ಸುಖ, ಹಿಂದಿನ ಬೆಂಚಿನ ಅಜ್ಜಿಯರು ಮಾತ್ರ ಬಾಯಿ ಮುಚ್ಚಿ ಕೂರಬೇಕು! ಪಿಯಾನೊವನ್ನೇ ಬದಲಿಸೋಣವೆಂದರೆ ಅದರಲ್ಲಿರುವುದು ಇನ್ನೂರಕ್ಕೂ ಹೆಚ್ಚು ತಂತಿ. ಗಿಟಾರಿನಲ್ಲಿ ಆರೇ.

ಆದ್ದರಿಂದ ಆರೂ ತಂತಿಗಳನ್ನು ಅರ್ಧಸ್ವರ ಇಳಿಸುವುದು ಜಾಣತನ. ಆಗ ಇ ಪಟ್ಟು ಹಿಡಿದರೆ ಇ-ಫ್ಲ್ಯಾಟ್, ಎ ಪಟ್ಟು ಹಿಡಿದರೆ ಎ-ಫ್ಲ್ಯಾಟ್ ಕೇಳಿಸುತ್ತದೆ. ದಪ್ಪ ತಂತಿಯ ಆವೃತ್ತಿ ಸೆಕೆಂಡಿಗೆ 82.4ರಿಂದ 77.8 ಕಂಪನಗಳಿಗೆ ಇಳಿಯುತ್ತದೆ. ತಂತಿಯ ಆವೃತ್ತಿ ಅದರ ಬಿಗಿತದ ವರ್ಗಮೂಲಕ್ಕೆ ಅನುಪಾತದಲ್ಲಿರುವುದರಿಂದ ಬಿಗಿತವನ್ನು ಶೇ. 11ರಷ್ಟು ಸಡಿಲಿಸಿದರೆ ಸಾಕು. ಪರೀಕ್ಷೆ ಹತ್ತಿರವಿರುವಾಗ ಗಿಟಾರ್ ಏಕೆಂದು ಗದರುವ ತಂದೆತಾಯಿಯರು ಗಮನಿಸಬೇಕು, ಇದು ಪಿಯುಸಿ ಭೌತಶಾಸ್ತ್ರದ ಪಾಠವೇ.

ಮುಂದಿನ ಹಾಡು ಬೇರೆ ಶ್ರುತಿಯಲ್ಲಿದ್ದರೆ? ತಂತಿಗಳನ್ನು ಅಡ್ಡಲಾಗಿ ಒತ್ತಿ ಹಿಡಿಯುವ ‘ಕ್ಯಾಪೊ’ ಎಂಬ ಸಣ್ಣ ಚಿಮಟ ಜೇಬಿನಲ್ಲಿರಲಿ. ಇಳಿಸಿದ ಗಿಟಾರಿನ ಮೊದಲ ಮನೆಗೆ ಅದನ್ನು ಹಾಕಿದರೆ ಎಂದಿನ ಶ್ರುತಿ ಮರಳಿತು. ಎರಡನೇ ಮನೆಗೆ ಹಾಕಿದರೆ ಇ ಪಟ್ಟಿಗೆ ಎಫ್, ಎ ಪಟ್ಟಿಗೆ ಬಿ-ಫ್ಲ್ಯಾಟ್. ಸ್ತೋತ್ರಗೀತೆಗಳಲ್ಲಿ ಮೇಲಿಂದ ಮೇಲೆ ಬರುವ ಶ್ರುತಿಗಳೆಲ್ಲ ಇಷ್ಟರಲ್ಲೇ ಮುಗಿದವು. ಒಂದು ಎಚ್ಚರಿಕೆ: ಮಂದ್ರ ಸ್ವರಗಳನ್ನು ಪಿಯಾನೊದವರ ಎಡಗೈ ನೋಡಿಕೊಳ್ಳುತ್ತಿರುತ್ತದೆ. ಗಿಟಾರಿನ ದಪ್ಪ ತಂತಿಗಳನ್ನೂ ಅಲ್ಲಿ ಬಾರಿಸಿದರೆ ಎರಡೂ ಸೇರಿ ಗದ್ದಲವಾಗುತ್ತದೆ. ತೆಳು ತಂತಿಗಳನ್ನು ಬಿಡಿಸಿ ಮೀಟುವುದೇ ಚೆನ್ನ.

ಟ್ಯೂನರ್ ಯಂತ್ರವನ್ನು ಕಣ್ಣುಮುಚ್ಚಿ ನಂಬಬೇಡಿ. ಮಧ್ಯದ ಎ ಸ್ವರಕ್ಕೆ 440 ಎಂಬುದು ಅಂತರರಾಷ್ಟ್ರೀಯ ಮಾನಕ. ಹಳೆಯ ಪಿಯಾನೊ ಹವೆಗೆ ಸಡಿಲವಾಗಿ 438ಕ್ಕೆ ಇಳಿದಿರಬಹುದು. ಎರಡನ್ನೂ ಒಟ್ಟಿಗೆ ನುಡಿಸಿದರೆ ನಾದ ಸೆಕೆಂಡಿಗೆ 2 ಬಾರಿ ‘ವೂಂ... ವೂಂ...’ ಎಂದು ಏರಿಳಿಯುತ್ತದೆ. ಪುಸ್ತಕದ ‘ಬೀಟ್ಸ್’ ಅಂದರೆ ಇದೇ. ಪಿಯಾನೊದ ಸ್ವರ ಒತ್ತಿ ಹಿಡಿಯಲು ಗೆಳೆಯನೊಬ್ಬನಿಗೆ ಹೇಳಿ, ಆ ಏರಿಳಿತ ನಿಲ್ಲುವವರೆಗೆ ಗಿಟಾರಿನ ಕಿವಿ ತಿರುಗಿಸಿ. ಇಳಿಸಿದ ತಂತಿ ತುಸು ಹೊತ್ತು ಹಟ ಮಾಡಿ ಜಾರುತ್ತದೆ. ಆರಾಧನೆಗೆ ಅರ್ಧ ಗಂಟೆ ಮೊದಲೇ ಹೋಗಿ ಕುಳಿತು, ಇನ್ನೊಮ್ಮೆ ಸರಿನೋಡಿಕೊಳ್ಳಿ.