ವಿದ್ಯಾರ್ಥಿಗಳ ಹಸಿರು ಖರೀದಿ ಮತ್ತು ಅಧ್ಯಾಪಕರ ವೃತ್ತಿ ಒತ್ತಡ: ಜಾನಪದ ದೃಷ್ಟಿಯ ಒಂದು ಪರಿಶೀಲನೆ

ವಾಣಿಜ್ಯಶಾಸ್ತ್ರ, ನಿರ್ವಹಣಾಶಾಸ್ತ್ರ ಹಾಗೂ ಶಿಕ್ಷಣಶಾಸ್ತ್ರ ವಿಭಾಗಗಳ ಸಂಶೋಧನ ಪ್ರಬಂಧಗಳಲ್ಲಿ ಎರಡು ವಿಷಯಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ವಿದ್ಯಾರ್ಥಿಗಳು ಪರಿಸರಸ್ನೇಹಿ ವಸ್ತುಗಳನ್ನು ಎಷ್ಟರಮಟ್ಟಿಗೆ ಕೊಳ್ಳುತ್ತಾರೆ ಎಂಬುದು ಒಂದು. ವಿಶ್ವವಿದ್ಯಾಲಯದ ಅಧ್ಯಾಪಕರು ಅನುಭವಿಸುವ ವೃತ್ತಿ ಒತ್ತಡ ಇನ್ನೊಂದು. ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವಿಲ್ಲ. ಆದರೆ ಮೊದಲನೆಯ ಅಧ್ಯಯನವನ್ನು ಕೈಗೊಳ್ಳುವವರು ಎರಡನೆಯ ಅಧ್ಯಯನಕ್ಕೆ ವಸ್ತುವಾದ ಅಧ್ಯಾಪಕರೇ ಆಗಿದ್ದಾರೆ. ಅವರ ಅವಸರವು ಪ್ರಶ್ನಾವಳಿಯಲ್ಲಿ ಹೇಗೆ ಮೂಡುತ್ತದೆ ಹಾಗೂ ಅದರಿಂದ ಯಾವ ವಿದ್ಯಾರ್ಥಿಗಳು ಲೆಕ್ಕಕ್ಕೆ ಸಿಗದೆ ಹೋಗುತ್ತಾರೆ ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ.

ಇಂತಹ ಸಮೀಕ್ಷೆಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ಲಿಕರ್ಟ್ ಮಾಪಕ. 1932ರಲ್ಲಿ ರೆನ್ಸಿಸ್ ಲಿಕರ್ಟ್ ರೂಪಿಸಿದ ಈ ವಿಧಾನದಲ್ಲಿ ಒಂದೊಂದು ಹೇಳಿಕೆಗೂ 'ಸಂಪೂರ್ಣ ಒಪ್ಪುತ್ತೇನೆ'ಯಿಂದ 'ಸ್ವಲ್ಪವೂ ಒಪ್ಪುವುದಿಲ್ಲ'ದವರೆಗೆ ಸಾಧಾರಣವಾಗಿ 5 ಉತ್ತರಗಳಿರುತ್ತವೆ. ಅವುಗಳ ಅಂಕಗಳನ್ನು ಕೂಡಿಸಿ ಮನೋಭಾವವನ್ನು ಅಳೆಯಲಾಗುತ್ತದೆ. ಮಾಪಕದಲ್ಲಿ ದೋಷವಿಲ್ಲ, ದೋಷವಿರುವುದು ಹೇಳಿಕೆಗಳಲ್ಲಿ. 'ಬೆಲೆ ಹೆಚ್ಚಾದರೂ ಪರಿಸರಸ್ನೇಹಿ ವಸ್ತುವನ್ನೇ ಕೊಳ್ಳುತ್ತೇನೆ', 'ಕೊಳ್ಳುವ ಮುನ್ನ ಹಸಿರು ಗುರುತನ್ನು ನೋಡುತ್ತೇನೆ' ಎಂಬಂತಹ ಹೇಳಿಕೆಗಳು ಕೊಳ್ಳುವ ಕ್ರಿಯೆಯನ್ನೇ ಮೊದಲ ಷರತ್ತಾಗಿ ಇಟ್ಟುಕೊಂಡಿವೆ. ಹಳೆಯ ಪಂಚೆಯಲ್ಲಿ ಹೊಲಿದ ಕೈಚೀಲ ಹಿಡಿದು, ಮನೆಯಲ್ಲಿ ಕುಟ್ಟಿದ ಸೀಗೆಪುಡಿಯ ಡಬ್ಬಿಯೊಂದಿಗೆ ವಿದ್ಯಾರ್ಥಿನಿಲಯಕ್ಕೆ ಬರುವ ಹುಡುಗಿ ಇವುಗಳಿಗೆ ಏನೆಂದು ಉತ್ತರಿಸಬೇಕು? ಆಕೆ ಬಿದಿರಿನ ಹಲ್ಲುಜ್ಜುವ ಬ್ರಷ್ಷನ್ನು ಕೊಂಡವಳಲ್ಲ, ಕೊಳ್ಳುವಷ್ಟು ಹಣವೂ ಅವಳಲ್ಲಿಲ್ಲ. ಪ್ರಾಮಾಣಿಕವಾಗಿ ಉತ್ತರಿಸಿದರೆ ಅವಳ ಅಂಕ ಕೆಳಗಿಳಿಯುತ್ತದೆ. 'ಗ್ರಾಮೀಣ ವಿದ್ಯಾರ್ಥಿಗಳಲ್ಲಿ ಪರಿಸರ ಪ್ರಜ್ಞೆ ಕಡಿಮೆ' ಎಂಬ ತೀರ್ಮಾನಕ್ಕೆ ಅವಳೇ ಆಧಾರವಾಗಿಬಿಡುತ್ತಾಳೆ.

ಜನಪದರ ವಸ್ತುಬಳಕೆಯಲ್ಲಿ ಖರೀದಿಯು ಒಂದು ಘಟ್ಟ ಮಾತ್ರ. ಉತ್ತರ ಕರ್ನಾಟಕದ ಕೌದಿಯನ್ನು ಗಮನಿಸಬಹುದು. ಉಟ್ಟು ಸವೆದ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಒತ್ತಾದ ಸಾಲುಹೊಲಿಗೆಯಿಂದ ಅವನ್ನೆಲ್ಲ ಹಿಡಿದಿಡಲಾಗುತ್ತದೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಇದೇ ಬಗೆಯ ಹೊದಿಕೆಯನ್ನು 'ಕವಂದಿ' ಎನ್ನುತ್ತಾರೆ. ಅದರ ಮೂಲೆಗಳಿಗೆ ಮಡಿಸಿದ ಬಟ್ಟೆಯ 'ಫೂಲ' ಕೂಡಿಸುವುದು ಅವರ ವಿಶಿಷ್ಟತೆ. ಅಜ್ಜಿಯ ಸೀರೆಯ ತುಂಡು ಮೊಮ್ಮಗುವಿನ ಹಾಸಿಗೆಯಲ್ಲಿ ಸೇರುವಾಗ ಉಳಿತಾಯ, ಕಲೆ, ಬಾಂಧವ್ಯ ಮೂರೂ ಒಂದೇ ಸೂಜಿಯಲ್ಲಿ ಸಾಗುತ್ತವೆ. ಪರಿಸರ ಎಂಬ ಮಾತು ಅಲ್ಲಿ ಬರುವುದೇ ಇಲ್ಲ. ಸಂತೆಗೆ ಮನೆಯಿಂದಲೇ ಚೀಲ ಒಯ್ಯುವುದು, ಗಾಣದಿಂದ ಎಣ್ಣೆಯನ್ನು ಸ್ವಂತ ಸೀಸೆಯಲ್ಲಿ ತರುವುದು, ಹಳೆಯ ಬಟ್ಟೆ ಕೊಟ್ಟು ಪಾತ್ರೆ ಪಡೆಯುವುದು, ರದ್ದಿಯನ್ನು ಗುಜರಿಯವನಿಗೆ ತೂಕಕ್ಕೆ ಹಾಕುವುದು ಇವೆಲ್ಲ ಇದೇ ಬದುಕಿನ ಭಾಗಗಳು.

ಆದರೆ ಇದನ್ನು ಸುವರ್ಣಯುಗವಾಗಿ ಚಿತ್ರಿಸುವುದು ಜಾನಪದ ವಿದ್ವಾಂಸರಿಗೆ ತಕ್ಕದ್ದಲ್ಲ. ಕೊಳ್ಳದಿರುವುದರ ಹಿಂದೆ ಎಷ್ಟೋ ವೇಳೆ ಇದ್ದದ್ದು ಕಡುಬಡತನ. ಸುಗ್ಗಿಯಲ್ಲಿ ಕಾಳು ಪಡೆದು ವರ್ಷವಿಡೀ ಮಡಕೆ ಒದಗಿಸುತ್ತಿದ್ದ ಆಯಗಾರ ಕುಂಬಾರನು ಜಾತಿಯ ಕಟ್ಟಿನಿಂದ ಹೊರಬರುವಂತಿರಲಿಲ್ಲ. ಭಾರತ ಸರ್ಕಾರವು 1991ರಲ್ಲಿ ಪರಿಸರಸ್ನೇಹಿ ಉತ್ಪನ್ನಗಳಿಗಾಗಿ ಜಾರಿಗೆ ತಂದ 'ಇಕೋಮಾರ್ಕ್' ಯೋಜನೆಯ ಚಿಹ್ನೆಯಾಗಿ ಮಣ್ಣಿನ ಮಡಕೆಯನ್ನೇ ಆರಿಸಿಕೊಂಡಿತು. ಈ ಯೋಜನೆಯ ಜಾಗದಲ್ಲಿ 2024ರಲ್ಲಿ ಹೊಸ ಇಕೋಮಾರ್ಕ್ ನಿಯಮಗಳು ಬಂದವು. ಕುಂಬಾರನ ಮಡಕೆಯು ಗುರುತಾಗಿ ಕಾರ್ಖಾನೆಯ ವಸ್ತುವಿನ ಮೇಲೆ ಕುಳಿತುಕೊಳ್ಳಬಹುದು. ಆದರೆ ಕುಂಬಾರನು ತನ್ನ ಮಡಕೆಯ ಮೇಲೆ ಆ ಗುರುತನ್ನು ಹಾಕಿಕೊಳ್ಳಬೇಕಾದರೆ ಅರ್ಜಿ, ಪರೀಕ್ಷೆ, ಪ್ರಮಾಣಪತ್ರಗಳ ಹಾದಿಯನ್ನು ತುಳಿಯಬೇಕಾಗುತ್ತದೆ.

ಕರ್ನಾಟಕವು 2016ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ಮೊದಲಾದವುಗಳನ್ನು ನಿಷೇಧಿಸಿತು. ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ 2022ರ ಜುಲೈ 1ರಿಂದ ನಿಷೇಧ ಬಂದಿತು. ಇದರ ನಡುವೆ ಅಡಿಕೆ ಹಾಳೆಯ ತಟ್ಟೆ ಪೇಟೆಯ ಸರಕಾಯಿತು. ಕರಾವಳಿ, ಮಲೆನಾಡುಗಳಲ್ಲಿ ಟೋಪಿಯಾಗಿ, ಬೀಸಣಿಗೆಯಾಗಿ ಬಳಕೆಯಲ್ಲಿದ್ದ ಹಾಳೆ, ಬಯಲುಸೀಮೆಯಲ್ಲಿ ಮನೆಯವರೇ ಹಚ್ಚುತ್ತಿದ್ದ ಮುತ್ತುಗದ ಎಲೆ, ಇವೆರಡೂ ಈಗ ಬೆಲೆಚೀಟಿ ಅಂಟಿಸಿಕೊಂಡ ನಂತರವಷ್ಟೇ ಪ್ರಶ್ನಾವಳಿಯ ಕಣ್ಣಿಗೆ ಬೀಳುತ್ತವೆ.

ಇದು ಅಧ್ಯಾಪಕರಿಗೆ ತಿಳಿಯದ ಸಂಗತಿಯೇನಲ್ಲ. ಅವರಲ್ಲಿ ಅನೇಕರು ಕೌದಿ ಹೊದ್ದು ಬೆಳೆದವರು. ಆದರೂ ಕೊಳ್ಳುವಿಕೆಯನ್ನೇ ಏಕೆ ಕೇಳುತ್ತಾರೆ? ವಿಶ್ವವಿದ್ಯಾಲಯ ಅನುದಾನ ಆಯೋಗದ 2010ರ ನಿಯಮಾವಳಿಯು 'ಶೈಕ್ಷಣಿಕ ಸಾಧನಾ ಸೂಚ್ಯಂಕ'ವನ್ನು ತಂದು, ಪ್ರಬಂಧ, ಗೋಷ್ಠಿ, ಯೋಜನೆಗಳಿಗೆಲ್ಲ ಅಂಕ ಕಟ್ಟಿತು. 2018ರ ನಿಯಮಾವಳಿಯು ಬಡ್ತಿಯ ಕ್ರಮವನ್ನು ಸಡಿಲಿಸಿದರೂ ಸಂಶೋಧನ ಅಂಕಗಳ ಪಟ್ಟಿಯನ್ನು ಉಳಿಸಿಕೊಂಡಿತು. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ ನೇರ ಬೋಧನೆಯನ್ನು ನಿಗದಿಪಡಿಸಿತು. ಪರೀಕ್ಷೆ, ಮೌಲ್ಯಮಾಪನ, ಮಾನ್ಯತಾ ಸಮಿತಿಗಾಗಿ ತುಂಬುವ ದಾಖಲೆಗಳು ಇದರ ಆಚೆಗಿನವು. ಕೌದಿಯ ಬಗ್ಗೆ ಬರೆಯಬೇಕಾದರೆ ಹೊಲಿಯುವವರ ಅಂಗಳದಲ್ಲಿ ಅನೇಕ ಮಧ್ಯಾಹ್ನಗಳನ್ನು ಕಳೆಯಬೇಕು. ಪ್ರಶ್ನಾವಳಿಯಾದರೆ ತರಗತಿಯಲ್ಲಿಯೇ ಹಂಚಿ ಅಂದೇ ಮರಳಿ ಪಡೆಯಬಹುದು. ಪ್ರಕಟವಾದ ಮೇಲೆ ಅಂಕದ ಪಟ್ಟಿಯು ಈ ಎರಡರ ನಡುವೆ ಭೇದವೆಣಿಸುವುದಿಲ್ಲ.

ಒತ್ತಡವೆಂದರೆ ಕೇವಲ ಹೆಚ್ಚು ಕೆಲಸವಲ್ಲ. ಕೆಲಸದ ಬೇಡಿಕೆ ಹೆಚ್ಚಿದ್ದು, ಅದನ್ನು ಮಾಡುವ ಬಗೆಯ ಮೇಲೆ ಹಿಡಿತ ಕಡಿಮೆಯಿದ್ದಾಗ ಒತ್ತಡ ತೀವ್ರವಾಗುತ್ತದೆ ಎಂದು ರಾಬರ್ಟ್ ಕರಾಸೆಕ್ 1979ರಲ್ಲಿ ಪ್ರತಿಪಾದಿಸಿದರು. ಬೀಸುವ ಪದಗಳನ್ನು ಸಂಗ್ರಹಿಸಿದವರಿಗೆ ಈ ಮಾತು ಹೊಸದೆನಿಸದು. ನಸುಕಿನಲ್ಲಿ ಬೀಸುವ ಕೆಲಸ ರಟ್ಟೆ ಸೋಲಿಸುವಂಥದು. ಹಾಡಿನಿಂದ ಕಲ್ಲಿನ ಭಾರವೇನೂ ತಗ್ಗುತ್ತಿರಲಿಲ್ಲ. ಆದರೆ ತಿರುವಿನ ಲಯ, ತವರನ್ನು ನೆನೆಯುವ ಸರದಿ, ಅತ್ತೆಮನೆಯ ಮೇಲಿನ ದೂರನ್ನು ಹಾಡಿನ ಮರೆಯಲ್ಲಿ ಆಡಿಬಿಡುವ ಸ್ವಾತಂತ್ರ್ಯ ಆ ಹೆಣ್ಣುಮಕ್ಕಳ ಕೈಯಲ್ಲಿದ್ದವು. (ಬೀಸುಕಲ್ಲು ಮರಳಿ ಬರಲೆಂದು ಹಂಬಲಿಸುವವರು ಸಾಮಾನ್ಯವಾಗಿ ಬೀಸಿದವರಲ್ಲ.) ಇಂದಿನ ಅಧ್ಯಾಪಕರಿಗೆ ಯಾವ ಪ್ರಶ್ನೆಯನ್ನು ಎಷ್ಟು ಕಾಲ ಬೆನ್ನುಹತ್ತಬೇಕು ಎಂಬುದರ ಮೇಲಿನ ಹಿಡಿತವೇ ಜಾರಿದೆ. ಅತಿಥಿ ಉಪನ್ಯಾಸಕರ ಸ್ಥಿತಿ ಇನ್ನೂ ಕಷ್ಟದ್ದು. ಮುಂದಿನ ವರ್ಷ ಅದೇ ಕಾಲೇಜಿನಲ್ಲಿರುವ ಖಾತ್ರಿಯಿಲ್ಲದವರಿಂದ ದೀರ್ಘ ಕ್ಷೇತ್ರಕಾರ್ಯವನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಪ್ರಶ್ನಾವಳಿಯನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ವಿದ್ಯಾರ್ಥಿಯು ಏನು ಕೊಂಡನೆಂದು ಕೇಳುವಲ್ಲಿ, ಕೆಟ್ಟುಹೋದ ಯಾವ ವಸ್ತುವನ್ನು ರಿಪೇರಿ ಮಾಡಿಸಿದ, ಅಣ್ಣ ಅಕ್ಕಂದಿರಿಂದ ಯಾವ ಪುಸ್ತಕ, ಬಟ್ಟೆ ಬಂದವು, ಹಳತಾದದ್ದು ಮನೆಯಿಂದ ಹೊರಬಿದ್ದು ಎಲ್ಲಿಗೆ ಹೋಯಿತು ಎಂದೂ ಕೇಳಬಹುದು. ಜೊತೆಗೆ, ಮನೆಯ ಹಿರಿಯರೊಬ್ಬರಿಂದ ಒಂದು ವಸ್ತುವಿನ ಕಥೆಯನ್ನು ಕೇಳಿ ಬರೆದು ತರಲು ವಿದ್ಯಾರ್ಥಿಗಳಿಗೇ ಹೇಳಬಹುದು. ಅವರು ತರುವ ಹಾಳೆಗಳನ್ನು ಅಂಕಗಳಾಗಿ ಕೂಡಿಸಲು ಬಾರದು, ಕುಳಿತು ಓದಬೇಕಾಗುತ್ತದೆ. ಆ ಓದಿಗೆ ಬೇಕಾದ ಗಂಟೆಗಳನ್ನು ಅಧ್ಯಾಪಕರ ಕಾರ್ಯಭಾರದ ಪಟ್ಟಿಯಲ್ಲಿ ಯಾವ ಅಂಕಣದಲ್ಲಿ ನಮೂದಿಸಬೇಕು ಎಂಬುದನ್ನು ವಿಶ್ವವಿದ್ಯಾಲಯಗಳು ತೀರ್ಮಾನಿಸಬೇಕಾಗಿದೆ.