ಅಡ್ಡಹೆಸರು ಕೇಳೋ ಮನೆಗಳು

ಹಾಸ್ಟೆಲ್ ಬಿಟ್ಟು ರೂಮ್ ಹುಡುಕೋ ನಮಗೆಲ್ಲ ಸೀನಿಯರ್‌ಗಳು ಒಂದು ರೆಡಿಮೇಡ್ ವಾಟ್ಸಾಪ್ ಮೆಸೇಜ್ ಕಳಿಸ್ತಾರೆ. "ನಮಸ್ಕಾರ ಸರ್, ನಾವು ಮೂರು ಜನ, ಒಳ್ಳೇ ಮನೆತನದವರು, ಪ್ಯೂರ್ ವೆಜ್..." ಹೆಸರು, ಊರು ಬದಲಿಸಿ ಮಾಲೀಕರಿಗೆ ಕಳಿಸಿದರಾಯ್ತು.

ಅಮೆರಿಕದಲ್ಲಿ ಈ ಮೆಸೇಜಿಗೊಬ್ಬ ಅಣ್ಣ ಇದ್ದಾನೆ. ಅಲ್ಲಿ ಮನೆ ಕೊಳ್ಳುವವರು ಮಾರುವವರಿಗೆ ಪತ್ರ ಬರೀತಾರೆ: ನಿಮ್ಮ ಮನೆ ಬಹಳ ಹಿಡಿಸಿತು, ಈ ಮೂಲೆಯಲ್ಲಿ ಕ್ರಿಸ್‌ಮಸ್ ಗಿಡ ಇಡ್ತೀವಿ. ಜೊತೆಗೆ ಫ್ಯಾಮಿಲಿ ಫೋಟೊ. ಗಿಡದಿಂದ ಧರ್ಮ ತಿಳೀತು, ಫೋಟೊದಿಂದ ಬಣ್ಣ. ಇವನ್ನು ನೋಡಿ ಮನೆ ಕೊಡುವುದು, ಬಿಡುವುದು 1968ರ ಫೇರ್ ಹೌಸಿಂಗ್ ಆ್ಯಕ್ಟ್ ಪ್ರಕಾರ ತಪ್ಪು. ಹಾಗಾಗಿ ಇಂಥ ಪತ್ರಗಳನ್ನು ಏಜೆಂಟರು ಮಾರುವವರಿಗೆ ತಲುಪಿಸಬಾರದು ಅಂತ ಆರೆಗನ್ ರಾಜ್ಯ 2021ರಲ್ಲಿ ಕಾನೂನು ಮಾಡಿತು. 2022ರ ಮಾರ್ಚ್‌ನಲ್ಲಿ ಫೆಡರಲ್ ನ್ಯಾಯಾಧೀಶರು ವಾಕ್ ಸ್ವಾತಂತ್ರ್ಯದ ಕಾರಣ ಕೊಟ್ಟು ಅದಕ್ಕೆ ತಡೆ ಹಾಕಿದರು.

ನಮ್ಮ ವಿಜಯಪುರ ಕಡೆ ಫೋಟೊ ಯಾಕೆ, ಕೆಳಗಿನ ಹೆಸರೇ ಸಾಕು. ಬಡಿಗೇರ, ಕಂಬಾರ, ಹೂಗಾರ, ಮಾದರ ಅಂದ ಕೂಡಲೇ ಕೇಳಿದವರ ತಲೆಯಲ್ಲಿ ಲೆಕ್ಕ ಶುರು. ಊರೇ ಅಡ್ಡಹೆಸರಾದವರದ್ದು ಬೇರೆ ಕಥೆ. ಮನಗೂಳಿಯಿಂದ ಹೊರಟ ಯಾವ ಜಾತಿಯವರೂ 'ಮನಗೂಳಿ' ಆಗಬಹುದು, ಹಾಗಾಗಿ ಮಾಲೀಕರಿಗೆ ಸಮಾಧಾನ ಆಗಲ್ಲ. "ಮನಗೂಳಿ ಅಂದ್ರ ಯಾರ ಪೈಕಿ ತಮ್ಮಾ?" ಅಂತ ಎರಡನೇ ಪ್ರಶ್ನೆ ಬಂದೇ ಬರ್ತದೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ತಾಲ್ಲೂಕಿನ ಊರಿನ ಹೆಸರಿಗೇ ಈ ಗತಿ!

ಮಷಿನ್ ಲರ್ನಿಂಗ್‌ನಲ್ಲಿ ಇದಕ್ಕೆ ಪ್ರಾಕ್ಸಿ ಅಂತಾರೆ (ಅಟೆಂಡೆನ್ಸ್ ಪ್ರಾಕ್ಸಿ ಅಲ್ಲ). ಡೇಟಾದಿಂದ ಜಾತಿಯ ಕಾಲಂ ಅಳಿಸಿದರೂ ಊಟ, ಊರು, ಅಡ್ಡಹೆಸರಿನ ಕಾಲಂಗಳು ಅದೇ ಕೆಲಸ ಮುಂದುವರಿಸ್ತವೆ. 'ಪ್ಯೂರ್ ವೆಜ್' ಅಂತ ಬರೆದಾಗ ನಾವೇ ಆ ಕಾಲಂ ತುಂಬಿ ಕೊಡ್ತೀವಿ. ಹಾಗೆ ಬರೆಯಲಾಗದ ಕ್ಲಾಸ್‌ಮೇಟ್‌ಗೆ ಅದೇ ಓಣಿಯಲ್ಲಿ ರೂಮ್ ಸಿಗಲ್ಲ.

ಕಾನೂನು? ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲ್, ಬಾವಿ, ಕೆರೆ, ರಸ್ತೆ ಇವೆ. ಬಾಡಿಗೆ ಮನೆ ಇಲ್ಲ. ಅಹಮದಾಬಾದಿನ ಪಾರ್ಸಿ ಹೌಸಿಂಗ್ ಸೊಸೈಟಿ ತನ್ನವರಿಗಷ್ಟೇ ಸದಸ್ಯತ್ವ ಅಂದದ್ದನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಒಪ್ಪಿತು. ಆದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಯಾರಾದರೂ ಒಂದು ಬಡಾವಣೆಯಲ್ಲಿ ಮನೆ ಪಡೆದು ವಾಸಿಸೋದಕ್ಕೆ ಅಡ್ಡಿ ಮಾಡಿದರೆ 1ರಿಂದ 6 ತಿಂಗಳು ಜೈಲು, ಜೊತೆಗೆ ದಂಡ. ದಂಡ ಮಾತ್ರ 100ರಿಂದ 500 ರೂಪಾಯಿ, ಒಂದು ಬಿರಿಯಾನಿ ಪಾರ್ಟಿಯಷ್ಟು. ಧರ್ಮ ನೋಡಿ ಬಾಗಿಲು ಹಾಕಿದರೆ ಈ ಸೆಕ್ಷನ್ ಉಪಯೋಗಕ್ಕೆ ಬರಲ್ಲ. ಜಾತಿಯ ವಿಷಯದಲ್ಲೂ ಸಾಬೀತು ಮಾಡೋದು ಕಷ್ಟ, ಯಾಕಂದ್ರೆ "ನಿನ್ನೆನೇ ಬ್ಯಾರೆಯವ್ರಿಗೆ ಕೊಟ್ಟೀವ್ರಿ" ಅಂದರೆ ಮುಗೀತು.

ಮಾಲೀಕರಿಗೂ ಚಿಂತೆ ಇರ್ತದೆ, ಒಪ್ತೀವಿ. ಬಾಡಿಗೆ ಬರ್ತದೋ ಇಲ್ಲವೋ, ರಾತ್ರಿ ಗದ್ದಲ ಆಗ್ತದೋ ಏನೋ. ಅದಕ್ಕೆ ಉತ್ತರ ಕೊಡೋ ಮೆಸೇಜ್ ಬರೆಯಬಹುದು: ಎಷ್ಟು ಜನ, ಯಾವತ್ತಿನಿಂದ, ಎಷ್ಟು ಡಿಪಾಸಿಟ್, ಬಾಡಿಗೆ ಯಾವ ತಾರೀಕಿಗೆ, ಬೈಕ್ ಎಷ್ಟು, ಹಿಂದಿನ ಮಾಲೀಕರ ಫೋನ್ ನಂಬರ್. ಪೂರ್ತಿ ಹೆಸರು ಅಗ್ರಿಮೆಂಟ್ ದಿನ ಕೊಟ್ಟರೆ ಸಾಕು. ಕ್ಲಬ್ಬಿನ ಗ್ರೂಪಿನಲ್ಲಿ ಈ ಹೊಸ ಮೆಸೇಜ್ ಹಾಕಿದ್ದೀವಿ, ಹಳೇದನ್ನು ಡಿಲೀಟ್ ಮಾಡಿದ್ದೀವಿ.