ಗದ್ದೆಯ ಕೆಸರಿನಲ್ಲಿ ವಿದ್ಯುತ್ ತಂತಿ

ಮಳೆಗಾಲದಲ್ಲಿ ಬೆಳಗಾವಿಯಿಂದ ಖಾನಾಪುರದ ಕಡೆ ಹೋದವರು ಇದನ್ನು ನೋಡಿರುತ್ತೀರಿ. ಭತ್ತದ ಗದ್ದೆಯ ಬದುವಿನ ಪಕ್ಕ ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳುವಾದ ಪದರ, ಅದರ ಕೆಳಗೆ ತುಕ್ಕಿನ ಬಣ್ಣದ ರಾಡಿ. ನನ್ನ ಮೊಮ್ಮಗಳು ಅದನ್ನು ಕಂಡು "ಅಜ್ಜಾ, ಯಾರೋ ಡೀಸೆಲ್ ಚೆಲ್ಯಾರ ನೋಡು" ಎಂದಿದ್ದಳು.

ಡೀಸೆಲ್ಲೋ ಅಲ್ಲವೋ ಎಂದು ತಿಳಿಯಲು ಒಂದು ಕಡ್ಡಿ ಸಾಕು. ಪದರವನ್ನು ಕಡ್ಡಿಯಿಂದ ಕಲಕಿ. ಎಣ್ಣೆಯಾದರೆ ಒಡೆದ ಜಾಗ ಕೂಡಲೇ ಹರಡಿ ಮತ್ತೆ ಒಂದಾಗುತ್ತದೆ. ಕಬ್ಬಿಣದ ಪದರವಾದರೆ ಹಪ್ಪಳದಂತೆ ಚೂರುಚೂರಾಗಿ ಹಾಗೇ ತೇಲುತ್ತದೆ. ಖಾನಾಪುರದ ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ ತುಕ್ಕಿನಿಂದ ಬಂದದ್ದು. ನೀರು ನಿಂತ ಕೆಸರಿನಲ್ಲಿ ಗಾಳಿಯಾಡುವುದಿಲ್ಲ. ಅಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ಆ ತುಕ್ಕನ್ನು ನೀರಿನಲ್ಲಿ ಕರಗುವ ಕಬ್ಬಿಣವಾಗಿ ಮಾಡುತ್ತವೆ. ಅದು ಮೇಲೆ ಬಂದು ಗಾಳಿಗೆ ತಾಗಿದಾಗ ಮತ್ತೆ ತುಕ್ಕಾಗುತ್ತದೆ.

ಯಾಕೆ ಈ ಖಟಪಟಿ? ನಾವು ಉಂಡ ಅನ್ನದಿಂದ ಶಕ್ತಿ ಪಡೆಯುವಾಗ ಉಳಿಯುವ ಎಲೆಕ್ಟ್ರಾನುಗಳನ್ನು ಕೊನೆಗೆ ಆಮ್ಲಜನಕಕ್ಕೆ ಒಪ್ಪಿಸುತ್ತೇವೆ. ಅದಕ್ಕೇ ಉಸಿರಾಟ. ಕೆಸರಿನಲ್ಲಿ ಆಮ್ಲಜನಕವಿಲ್ಲ, ತುಕ್ಕು ಇದೆ. ಆದರೆ ತುಕ್ಕು ಗಟ್ಟಿ ಕಣ, ಬ್ಯಾಕ್ಟೀರಿಯಾದ ಒಳಗೆ ಹೋಗಲಾರದು. ಹೀಗಾಗಿ ಬ್ಯಾಕ್ಟೀರಿಯಾವೇ ಮೈಯಿಂದ ತಂತಿಯೊಂದನ್ನು ಹೊರಗೆ ಚಾಚಿ, ಅದರ ಮೂಲಕ ಎಲೆಕ್ಟ್ರಾನುಗಳನ್ನು ತುಕ್ಕಿಗೆ ದಾಟಿಸುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಗಿರಾಕಿ ಒಳಗೆ ಬರಲಾಗದಿದ್ದರೆ ಕ್ಯಾಷಿಯರನೇ ಕಿಟಕಿಯಾಚೆ ಕೈ ಚಾಚಿದ ಹಾಗೆ!

ಈ ಬ್ಯಾಕ್ಟೀರಿಯಾದ ಹೆಸರು ಜಿಯೋಬ್ಯಾಕ್ಟರ್. ಅಮೆರಿಕದ ಡೆರೆಕ್ ಲವ್ಲಿ ಅದನ್ನು 1987ರಲ್ಲಿ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ ಕಂಡರು. ಇದರ ಬಳಗ ಲೋಕದ ಹಲವೆಡೆ ಭತ್ತದ ಗದ್ದೆಗಳಲ್ಲೂ ಸಿಕ್ಕಿದೆ. ಅದರ ಎಳೆಗಳಲ್ಲಿ ವಿದ್ಯುತ್ ಹರಿಯುತ್ತದೆ ಎಂದು ಗೆಮ್ಮಾ ರೆಗೇರಾ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಆ ಎಳೆ ಯಾವ ಪ್ರೋಟೀನಿನದು ಎಂಬ ಜಗಳ ಮಾತ್ರ ಇನ್ನೂ ನಡೆದಿದೆ. ಯೇಲ್ ವಿಶ್ವವಿದ್ಯಾಲಯದ ನಿಖಿಲ್ ಮಾಲ್ವಣ್‌ಕರ್ ಅವರ ತಂಡ 2019ರಲ್ಲಿ, ನಮ್ಮ ರಕ್ತಕ್ಕೆ ಕೆಂಪು ಕೊಡುವ ಹೀಮ್ ಎಂಬ ಕಬ್ಬಿಣದ ಅಂಶವೇ ಸಾಲಾಗಿ ಜೋಡಿಸಿದ ಎಳೆಯೊಂದನ್ನು ತೋರಿಸಿತು. ಲವ್ಲಿಯವರು ಬೇರೆಯದೇ ಎಳೆಯ ಪರ. ವಿಜ್ಞಾನಿಗಳು ಜಗಳವಾಡುವುದು ಒಳ್ಳೆಯದೇ ಎನ್ನುವವನು ನಾನು. ಲೆಕ್ಕ ಎರಡು ಸಲ ತಾಳೆ ನೋಡಿದಂತಾಗುತ್ತದೆ.

ತಂತಿಯ ದಪ್ಪ ಸುಮಾರು 3 ನ್ಯಾನೋಮೀಟರ್. ಒಂದು ನೋಟಿನ ದಪ್ಪದಲ್ಲಿ ಇಂಥ ಮೂವತ್ತು ಸಾವಿರಕ್ಕೂ ಹೆಚ್ಚು ತಂತಿಗಳನ್ನು ಪೇರಿಸಬಹುದು. ಇಷ್ಟು ಸಣ್ಣದನ್ನು ಹೆಣೆಯುವವರು ಯಾರು? ಯಾರೂ ಇಲ್ಲ. ಖಾನಾಪುರದ ಹೆಂಚಿಗೆ ಏಣು ಮತ್ತು ಗಾಡಿ ಇರುತ್ತವಲ್ಲ, ಒಂದರೊಳಗೆ ಒಂದು ಕೂಡುತ್ತದೆ. ಪ್ರೋಟೀನಿಗೂ ಅಂಥ ಏಣು-ತಗ್ಗುಗಳಿವೆ. ವ್ಯತ್ಯಾಸವೆಂದರೆ ಹೆಂಚು ಹೊದಿಸಲು ಆಳು ಬೇಕು. ಪ್ರೋಟೀನಿನ ತುಣುಕುಗಳು ನೀರಿನಲ್ಲಿ ಅಲ್ಲಿಂದಿಲ್ಲಿಗೆ ತಾಕಲಾಡುತ್ತಾ, ಸರಿಯಾದ ಮೈ ಸರಿಯಾದ ಮೈಗೆ ಸಿಕ್ಕಾಗ ತಾವಾಗಿಯೇ ಅಂಟಿಕೊಳ್ಳುತ್ತವೆ.

ಇದರಿಂದ ನಮಗೇನು ಲಾಭ? ಮಧುಮೇಹವಿರುವ ಮನೆಯವರಿಗೆ ಉತ್ತರ ಕೈಯಲ್ಲೇ ಇದೆ. ಸಕ್ಕರೆ ಅಳೆಯುವ ಪಟ್ಟಿಯಲ್ಲಿ ಒಂದು ಪ್ರೋಟೀನು ಇರುತ್ತದೆ. ಕೆಲವು ಪಟ್ಟಿಗಳಲ್ಲಿ ಅದು ಮೂಲತಃ ಕಪ್ಪು ಬೂಸ್ಟಿನದು, ಕೆಲವುಗಳಲ್ಲಿ ಬ್ಯಾಕ್ಟೀರಿಯಾದ್ದು. ಅದು ರಕ್ತದ ಸಕ್ಕರೆಯಿಂದ ಎಲೆಕ್ಟ್ರಾನು ಕಿತ್ತು ಕೊಡುತ್ತದೆ, ಯಂತ್ರ ಅದನ್ನು ಎಣಿಸುತ್ತದೆ. ಇನ್ನು ಕೆಸರಿನ ತಂತಿಯನ್ನು ಎರಡು ಲೋಹದ ತುದಿಗಳ ನಡುವೆ ಹಾಸಿದರೆ, ಯಾವುದಾದರೂ ಅಣು ಬಂದು ತಾಗಿದಾಗ ಹರಿಯುವ ವಿದ್ಯುತ್ತು ಬದಲಾಗುತ್ತದೆ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಲವ್ಲಿ ಮತ್ತು ಜುನ್ ಯಾವೋ ಅವರ ಬಳಗ 2020ರಲ್ಲಿ ಹೀಗೆಯೇ ಅಮೋನಿಯಾ ಪತ್ತೆ ಮಾಡುವ ಸಂವೇದಕ ಮಾಡಿತು. ಮೂತ್ರಪಿಂಡ ಸೋತವರ ಉಸಿರಿನಲ್ಲಿ ಅಮೋನಿಯಾ ಹೆಚ್ಚುವುದರಿಂದ ಇದು ವೈದ್ಯರಿಗೂ ಬೇಕಾದ ಸಂಗತಿ. ತಂತಿಯ ಮೈಮೇಲೆ ಬೇಕಾದ ಅಣುವನ್ನು ಹಿಡಿಯುವ ಕೊಕ್ಕೆಗಳನ್ನು ಜೋಡಿಸುವುದೂ ಸಾಧ್ಯವಾಗಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನವಕಾಂತ ಭಟ್ ಅವರ ಬಳಗ ಬೇರೆ ದಾರಿ ಹಿಡಿಯಿತು. ಕೆಸರಿನ ತಂತಿ ಅದರಲ್ಲಿಲ್ಲ. ಆದರೆ ಒಂದು ಹನಿ ರಕ್ತದಿಂದ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನೂ ಹಿಮೋಗ್ಲೋಬಿನ್ನನ್ನೂ ಹೇಳುವ, ಅಂಗೈಯಲ್ಲಿ ಹಿಡಿಯುವ ಯಂತ್ರ ಅಲ್ಲಿಂದ ಹೊರಬಂದಿದೆ. ಭಟ್ಟರಿಗೆ ಜೈವಿಕ ಸಂವೇದಕಗಳ ಕೆಲಸಕ್ಕಾಗಿಯೇ 2018ರ ಇನ್ಫೋಸಿಸ್ ಪ್ರಶಸ್ತಿ ಬಂತು.

ಅಂಥ ಯಂತ್ರ ಯಾರಿಗೆ ಬೇಕು ಎನ್ನುವುದು ನಾನು ಖಾನಾಪುರದ ಶಾಖೆಯಲ್ಲಿದ್ದಾಗ ಕಣ್ಣಾರೆ ಕಂಡದ್ದು. ಕಣಕುಂಬಿಯ ಕಡೆಯ ಅಜ್ಜಿಯೊಬ್ಬಳು ರಕ್ತ ತಪಾಸಣೆಗೆ ಬೆಳಗಾವಿಗೆ ಹೊರಟವಳು ದುಡ್ಡು ತೆಗೆಯಲು ಬರುತ್ತಿದ್ದಳು. ಒಂದು ದಿನ ರಕ್ತ ಕೊಡಲು, ಇನ್ನೊಂದು ದಿನ ರಿಪೋರ್ಟು ತರಲು. ಜೊತೆಗೆ ಬಂದ ಮಗನ ಎರಡು ದಿನದ ಕೂಲಿಯೂ ಹೋಯಿತು. ಮಳೆ ಹಿಡಿದರೆ ಬಸ್ಸೇ ಇಲ್ಲ. "ಈ ಸಲ ಬ್ಯಾಡ ಬಿಡ್ರಿ ಸಾಹೇಬ್ರ, ದೀಪಾವಳಿ ಆದಮ್ಯಾಲೆ ನೋಡೂಣು" ಎಂದು ಒಮ್ಮೆ ಹಾಗೇ ಊರಿಗೆ ತಿರುಗಿದ್ದಳು.

ಕೆಸರಿನ ತಂತಿಯ ಸಂವೇದಕ ಇನ್ನೂ ಪ್ರಯೋಗಾಲಯದ ಮಾತು. ಔಷಧದ ಅಂಗಡಿಯಲ್ಲಿ ಸಿಗುವಂಥದ್ದು ಸದ್ಯಕ್ಕೆ ಸಕ್ಕರೆಯ ಪಟ್ಟಿಯೇ. ಅದರಲ್ಲಿರುವ ಪ್ರೋಟೀನಿಗೆ ತೇವವೂ ಆಗದು, ಬಿಸಿಯೂ ಆಗದು. ಮನೆಯಲ್ಲಿ ಅಜ್ಜ ಅಜ್ಜಿಯ ಪಟ್ಟಿಯ ಡಬ್ಬಿ ಒಲೆಯ ಹತ್ತಿರವಿದ್ದರೆ ಇವತ್ತೇ ತೆಗೆದು ಬೇರೆಡೆ ಇಡಿ. ಪಟ್ಟಿ ತೆಗೆದ ಕೂಡಲೇ ಮುಚ್ಚಳ ಹಾಕುವ ಕೆಲಸವನ್ನು ಮಕ್ಕಳೇ ವಹಿಸಿಕೊಳ್ಳಬಹುದು, ಅದರಲ್ಲೂ ನಮ್ಮ ಕಡೆಯ ಜುಲೈ ತಿಂಗಳಲ್ಲಿ.